ಕಲ್ಲಿನೊಳಗಿನ ಇಂಗಾಲ

ಸಿಮೆಂಟ್ ಕಾರ್ಖಾನೆ ಎಂದರೆ ಎಲ್ಲರೂ ಕಲ್ಲಿದ್ದಲನ್ನು ಬೈಯುತ್ತಾರೆ. ತಪ್ಪು ಪೂರ್ತಿ ಅದರದ್ದಲ್ಲ. ಶುದ್ಧ ಸುಣ್ಣದಕಲ್ಲು 100 ಕೆ.ಜಿ. ಬೆಂದರೆ ಉಳಿಯುವ ಸುಣ್ಣ 56 ಕೆ.ಜಿ.; ಮಿಕ್ಕ 44 ಕೆ.ಜಿ. ಇಂಗಾಲದ ಡೈಆಕ್ಸೈಡ್ ಆಗಿ ಗಾಳಿಗೆ ಸೇರುತ್ತದೆ. ಯಾವ ಇಂಧನದಿಂದ ಬೇಯಿಸಿದರೂ ಈ ಲೆಕ್ಕ ಬದಲಾಗದು. ಸಿಮೆಂಟ್ ತಯಾರಿಕೆಯಲ್ಲಿ ಹೊರಬೀಳುವ ಇಂಗಾಲದಲ್ಲಿ ಅರ್ಧಕ್ಕೂ ಮಿಕ್ಕಿದ ಪಾಲು ಇದೇ. ಆದರೂ ದಶಕಗಳ ಕಾಲ ಎಂಜಿನಿಯರುಗಳ ಕಣ್ಣೆಲ್ಲ ಬೆಂಕಿಯ ಮೇಲೆ. ಇಂಧನಕ್ಕೆ ಬಿಲ್ಲು ಬರುತ್ತದೆ, ಕಲ್ಲು ಬಿಡುವ ಅನಿಲಕ್ಕೆ ಬರುವುದಿಲ್ಲವಲ್ಲ!

1960ರ ಸುಮಾರಿಗೆ ಭಾರತದ ಬಹುತೇಕ ಕಾರ್ಖಾನೆಗಳದ್ದು ಒದ್ದೆ ಪದ್ಧತಿ. ಅರೆದ ಕಲ್ಲಿಗೆ ನೀರು ಬೆರೆಸಿ, ರಾಡಿ ಮಾಡಿ ಉದ್ದನೆಯ ತಿರುಗುವ ಗೂಡಿಗೆ ಬಿಡುತ್ತಿದ್ದರು. ಮಿಶ್ರಣವೇನೋ ಹದವಾಗಿ ಬರುತ್ತಿತ್ತು, ಆದರೆ ಆ ನೀರನ್ನು ಆವಿ ಮಾಡಲೆಂದೇ ಕಲ್ಲಿದ್ದಲು ಸುಡಬೇಕಿತ್ತು. ಗೂಡಿನಿಂದ ಹೊರಬಂದು, ಅರೆದರೆ ಸಿಮೆಂಟಾಗುವ ಗಟ್ಟಿ ಉಂಡೆಗಳೇ ಕ್ಲಿಂಕರ್; ಅದರ ಒಂದು ಕೆ.ಜಿ.ಗೆ ಸುಮಾರು 1,300 ಕಿಲೋ ಕ್ಯಾಲೊರಿ ಶಾಖ ಹಿಡಿಯುತ್ತಿತ್ತು. 1970ರ ದಶಕದ ತೈಲ ಬಿಕ್ಕಟ್ಟು ಜಗತ್ತನ್ನು ಒಣ ಪದ್ಧತಿಯತ್ತ ತಳ್ಳಿತು. ನಮ್ಮಲ್ಲಿ ಬೆಲೆ ಸರ್ಕಾರದ ಹಿಡಿತದಲ್ಲಿದ್ದುದರಿಂದ ಹೊಸ ಯಂತ್ರಕ್ಕೆ ಹಣ ಸುರಿಯುವ ಉಮೇದು ಕಡಿಮೆ. 1982ರಲ್ಲಿ ಅರೆಬರೆಯಾಗಿ, 1989ರಲ್ಲಿ ಪೂರ್ತಿಯಾಗಿ ಆ ಹಿಡಿತ ಸಡಿಲಿದ ಮೇಲೆ ಕೆಲಸ ಚುರುಕಾಯಿತು.

ಕಲಬುರಗಿ ಜಿಲ್ಲೆಯ ವಾಡಿ, ಸೇಡಂ, ಮಳಖೇಡಗಳ ಕಡೆ ಹೋದರೆ ದೂರದಿಂದಲೇ ಕಾಣುವ ಎತ್ತರದ ಗೋಪುರಗಳು ಈ ಒಣ ಪದ್ಧತಿಯವು. (ಮಳಖೇಡ ಒಂದು ಕಾಲಕ್ಕೆ ರಾಷ್ಟ್ರಕೂಟರ ರಾಜಧಾನಿ, ಈಗ ಊರಿನ ಹೆಸರು ಕೇಳಿದೊಡನೆ ಹಲವರಿಗೆ ನೆನಪಾಗುವುದು ಸಿಮೆಂಟು.) ಕಲ್ಲಿನ ಪುಡಿ ಗೋಪುರದ ತುದಿಯಿಂದ ಇಳಿಯುತ್ತದೆ, ಗೂಡಿನ ಬಿಸಿ ಅನಿಲ ಕೆಳಗಿನಿಂದ ಏರುತ್ತದೆ. ಐದಾರು ಹಂತಗಳಲ್ಲಿ ಎರಡೂ ಕಲೆತು ಬೇರ್ಪಡುವಷ್ಟರಲ್ಲಿ ಪುಡಿ 800 ಡಿಗ್ರಿಯ ಆಸುಪಾಸು ಕಾದಿರುತ್ತದೆ. 1,450 ಡಿಗ್ರಿಯ ಗೂಡಿಗೆ ಉಳಿಯುವುದು ಕೊನೆಯ ಕೆಲಸ. ಹೀಗೆ ಶಾಖದ ಖರ್ಚು 700–750 ಕಿಲೋ ಕ್ಯಾಲೊರಿಗೆ ಇಳಿಯಿತು. ಗೋಪುರದ ಮೇಲಿಂದ ಹೊರಡುವ ಅನಿಲದಲ್ಲಿ ಇನ್ನೂ 300 ಡಿಗ್ರಿಯಷ್ಟು ಬಿಸಿ ಇರುತ್ತದೆ. ಅದನ್ನು ಬಾಯ್ಲರಿಗೆ ಹಾಯಿಸಿ, ಬೇಕಾದ ವಿದ್ಯುತ್ತಿನಲ್ಲಿ ಕಾಲುಭಾಗದವರೆಗೂ ಅಲ್ಲೇ ತೆಗೆಯುವ ಕಾರ್ಖಾನೆಗಳಿವೆ.

ವಿದ್ಯುತ್ತಿನ ಉಳಿತಾಯ ಇಷ್ಟು ಕಣ್ಣಿಗೆ ಬೀಳುವಂಥದ್ದಲ್ಲ. ಕಾರ್ಖಾನೆಯ ಫ್ಯಾನು ಪೂರ್ತಿ ವೇಗದಲ್ಲಿ ತಿರುಗುತ್ತಿರುತ್ತದೆ, ಗಾಳಿ ಹೆಚ್ಚಾಯಿತೆಂದು ಅದರ ದಾರಿಯ ಬಾಗಿಲನ್ನು (ಡ್ಯಾಂಪರ್) ಅರ್ಧ ಮುಚ್ಚಿರುತ್ತಾರೆ. ಅದರ ಬದಲು ಮೋಟಾರಿನ ವೇಗ ಹೊಂದಿಸುವ ವಿಎಫ್‌ಡಿ ಸಾಧನ ಕೂರಿಸಿ ವೇಗವನ್ನೇ ಶೇ. 20 ತಗ್ಗಿಸಿದರೆ ಫ್ಯಾನಿಗೆ ಬೇಕಾದ ವಿದ್ಯುತ್ತು ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆ.

ಕಾನೂನು ಬಂದದ್ದು ತಡವಾಗಿ. 2001ರ ಇಂಧನ ಸಂರಕ್ಷಣಾ ಕಾಯ್ದೆಯ ಆಧಾರದಲ್ಲಿ 2012ರಲ್ಲಿ ಶುರುವಾದ 'ಪ್ಯಾಟ್' ಯೋಜನೆ ಎಂಟು ಉದ್ಯಮಗಳ 478 ಘಟಕಗಳಿಗೆ ಇಂಧನ ಉಳಿತಾಯದ ಗುರಿ ಕೊಟ್ಟಿತು. ಮೊದಲ ಸುತ್ತಿನ ಗುರಿ ಸುಮಾರು 67 ಲಕ್ಷ ಟನ್ ತೈಲಕ್ಕೆ ಸಮನಾದ ಶಕ್ತಿ. ಉಳಿತಾಯವಾದದ್ದು ಸುಮಾರು 87 ಲಕ್ಷ ಟನ್. ಗುರಿಯೇ ಸಲೀಸಾಗಿತ್ತು ಎಂಬ ಅನುಮಾನ ನನಗಿದೆ. ಅದಕ್ಕಿಂತ ದೊಡ್ಡ ಕೊರತೆಯೆಂದರೆ ಪ್ಯಾಟ್ ಅಳೆದದ್ದು ಶಕ್ತಿಯನ್ನು. ಕಲ್ಲು ಬಿಡುವ ಅನಿಲ ಲೆಕ್ಕದ ಹೊರಗೇ ಉಳಿಯಿತು. 2023ರಲ್ಲಿ ಅಧಿಸೂಚನೆಯಾದ ಕಾರ್ಬನ್ ಕ್ರೆಡಿಟ್ ಯೋಜನೆ ಟನ್ ಉತ್ಪನ್ನಕ್ಕೆ ಎಷ್ಟು ಅನಿಲ ಎಂದು ಕೇಳುತ್ತದೆ. ಪ್ರಶ್ನೆ ಈಗ ಸರಿಯಾಯಿತು.

ಆ ಪ್ರಶ್ನೆಗೆ ಉತ್ತರ ಗೂಡಿನಲ್ಲಿಲ್ಲ, ಸಿಮೆಂಟಿನ ಚೀಲದಲ್ಲಿದೆ. ಕ್ಲಿಂಕರ್ ಕಡಿಮೆ ಮಾಡಿದಷ್ಟೂ ಬೇಯುವ ಕಲ್ಲು ಕಡಿಮೆ. ಪಿಪಿಸಿ ಎಂಬ ಬೆರಕೆ ಸಿಮೆಂಟಿನಲ್ಲಿ ಶೇ. 35ರವರೆಗೆ ಕಲ್ಲಿದ್ದಲು ವಿದ್ಯುತ್ ಸ್ಥಾವರದ ಹಾರುಬೂದಿ, ಸ್ಲ್ಯಾಗ್ ಸಿಮೆಂಟಿನಲ್ಲಿ ಶೇ. 70ರವರೆಗೆ ಉಕ್ಕಿನ ಕಾರ್ಖಾನೆಯ ಸ್ಲ್ಯಾಗ್ ಬೆರೆಸಬಹುದು. ನಮ್ಮಲ್ಲಿ ಮೊದಲನೆಯದಕ್ಕೆ ಶಕ್ತಿನಗರದ ವಿದ್ಯುತ್ ಸ್ಥಾವರವಿದೆ, ಎರಡನೆಯದಕ್ಕೆ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಿದೆ. ಆದರೂ ಸೆಂಟ್ರಿಂಗ್ ಬೇಗ ಬಿಚ್ಚುವ ಆತುರದ ಮೇಸ್ತ್ರಿ '53 ಗ್ರೇಡೇ ತನ್ನಿ ಸಾರ್' ಎಂದು ಬೆರಕೆಯಿಲ್ಲದ ಸಿಮೆಂಟನ್ನೇ ಕೇಳುತ್ತಾನೆ. ಬೆರಕೆ ಸಿಮೆಂಟು ನಿಧಾನಕ್ಕೆ ಗಟ್ಟಿಯಾಗುತ್ತದೆ, ಹೆಚ್ಚು ದಿನ ನೀರುಣಿಸಬೇಕು ಎಂಬ ಅವನ ಮಾತು ಸುಳ್ಳಲ್ಲ.

ಈ ಬೆರಕೆಗೂ ಮಿತಿಯಿದೆ: ಕಲ್ಲಿದ್ದಲಿನ ವಿದ್ಯುತ್ತು ತಗ್ಗಿದರೆ ಹಾರುಬೂದಿಯೂ ತಗ್ಗುತ್ತದೆ. ಅನಿಲವನ್ನೇ ಹಿಡಿದಿಡುವ ದಾರಿಯೂ ಇದೆ: ನಾರ್ವೆಯ ಬ್ರೆವಿಕ್‌ನ ಸಿಮೆಂಟ್ ಕಾರ್ಖಾನೆಯಲ್ಲಿ 2025ರಿಂದ ವರ್ಷಕ್ಕೆ 4 ಲಕ್ಷ ಟನ್ ಅನಿಲ ಹಿಡಿಯುವ ಘಟಕವೇನೋ ನಡೆದಿದೆ, ಆದರೆ ಸರ್ಕಾರ ದೊಡ್ಡ ಮೊತ್ತ ಕೊಟ್ಟದ್ದರಿಂದ ಆದ ಕೆಲಸ ಅದು. ನಮಗೆ ಹತ್ತಿರದ ದಾರಿ ಎಲ್‌ಸಿ3 ಎಂಬ ಸಿಮೆಂಟು: ಕ್ಲಿಂಕರ್ ಅರ್ಧ, ಮಿಕ್ಕಿದ್ದು ಸುಟ್ಟ ಜೇಡಿಮಣ್ಣು, ಹಸಿ ಸುಣ್ಣದಕಲ್ಲು, ತುಸು ಜಿಪ್ಸಂ. ಸ್ವಿಟ್ಜರ್‌ಲೆಂಡ್, ಕ್ಯೂಬಾಗಳ ಸಂಶೋಧಕರ ಜೊತೆ ನಮ್ಮ ಐಐಟಿಗಳೂ ಇದಕ್ಕೆ ದುಡಿದಿವೆ. ಜೇಡಿಮಣ್ಣಿಗೆ ಸುಮಾರು 800 ಡಿಗ್ರಿ ಸಾಕು. ಒಂದು ತೊಡಕು: ಕಬ್ಬಿಣದ ಅಂಶವಿರುವ ಮಣ್ಣು ಸುಟ್ಟಾಗ ಕೆಂಪಾಗುತ್ತದೆ, ಬೂದುಬಣ್ಣವಿಲ್ಲದ ಸಿಮೆಂಟನ್ನು ಕೊಳ್ಳುವವರು ನಂಬುವುದಿಲ್ಲ. ಹಾಗಾಗಿ ಮಣ್ಣು ಆರುವಾಗ ಆಮ್ಲಜನಕ ತಗ್ಗಿಸಿ ಅದನ್ನು ಬೂದುಬಣ್ಣಕ್ಕೆ ತರುವ ಏರ್ಪಾಡನ್ನೂ ಯಂತ್ರದ ಜೊತೆಗೇ ಕೂರಿಸುತ್ತಾರೆ.