ಬಕ್ಷೀಸು

ಒಂಟೆ ಹತ್ತುವುದಕ್ಕೆ ದುಡ್ಡಿಲ್ಲ, ಇಳಿಯುವುದಕ್ಕೆ 200 ಪೌಂಡು. ಈ ಲೆಕ್ಕ ನನಗೆ ತಿಳಿದದ್ದು ನಾನು ಒಂಟೆಯ ಮೇಲೆ ಕೂತು, ಅದು ಮೊದಲು ಹಿಂಗಾಲು ಎತ್ತಿ, ಆಮೇಲೆ ಮುಂಗಾಲು ಎತ್ತಿ, ನನ್ನನ್ನು ಮೊರದಲ್ಲಿ ಕೇರಿದ ಹಾಗೆ ಕೇರಿ ನೆಟ್ಟಗೆ ನಿಂತ ಮೇಲೆ. ಅಷ್ಟು ಎತ್ತರದಿಂದ ಜಗಳ ಆಡುವುದು ಸುಲಭವಲ್ಲ.

2019ರ ದಸರಾ ರಜೆ. ಹುಬ್ಬಳ್ಳಿ-ಧಾರವಾಡದ ಕಡೆಯ 22 ಮಂದಿ ಕೂಡಿ ಈಜಿಪ್ಟಿಗೆ ಹೋಗಿದ್ದೆವು. ಎದುರಿಗೆ ಸುಮಾರು 4,500 ವರ್ಷಗಳಿಂದ ನಿಂತಿರುವ ಕುಫುವಿನ ಪಿರಮಿಡ್ಡು. ಇಪ್ಪತ್ತೈದು ವರ್ಷ ಬೋರ್ಡಿನ ಮೇಲೆ ಸುಣ್ಣದಕಡ್ಡಿಯಿಂದ ತ್ರಿಕೋನ ಬರೆದು, 'ಇದೇ ನೋಡ್ರಿ ಮಕ್ಕಳೇ ಪಿರಮಿಡ್ಡು' ಎಂದು ಪಾಠ ಹೇಳಿದವಳು ನಾನು. ಈಗ ಅದು ಕಣ್ಣೆದುರು ಇದ್ದರೂ ನಾನು ನೋಡುತ್ತಿದ್ದದ್ದು ಒಂಟೆಯವನ ಅಂಗೈಯನ್ನು. ಅದಕ್ಕೂ ಮುಂಚೆ ಇನ್ನೊಬ್ಬ, 'ಇಂಡಿಯಾ? ಅಮಿತಾಭ್ ಬಚ್ಚನ್!' ಎಂದು ನಕ್ಕು, ನನ್ನ ತಲೆಗೆ ಒಂದು ವಸ್ತ್ರ ಸುತ್ತಿ, ಅದು ತನ್ನ ಪ್ರೀತಿಯ ಕಾಣಿಕೆ ಎಂದು ಎದೆ ಮುಟ್ಟಿ ಹೇಳಿ, ಹತ್ತು ಹೆಜ್ಜೆ ಹೋದ ಮೇಲೆ ಕಾಣಿಕೆಯ ಬೆಲೆ ಹೇಳಿದ್ದ. ಶೌಚಾಲಯದ ಬಾಗಿಲಲ್ಲಿ ಒಬ್ಬಾಕೆ ಅಂಗೈಯಗಲ ಕಾಗದ ಕೊಟ್ಟು ಕೈ ಚಾಚಿದ್ದಳು. ಎಲ್ಲರ ಬಾಯಲ್ಲೂ ಒಂದೇ ಮಾತು: ಬಕ್ಷೀಸು.

'ಯಾಕ ಅಷ್ಟು ಸಿಟ್ಟಾಗ್ತಿ? ನಮ್ಮ ಬನಶಂಕರಿ ಜಾತ್ರ್ಯಾಗ ಇದಕ್ಕಿಂತ ಗದ್ದಲ ಇರೂದಿಲ್ಲೇನು?' ಎಂದರು ನಮ್ಮವರು, ಕೆಳಗೆ ನಿಂತು ಫೋಟೋ ತೆಗೆಯುತ್ತ. ಜಾತ್ರೆಯಲ್ಲಿ ನನ್ನನ್ನು ಯಾರೂ ಒಂಟೆಯ ಮೇಲೆ ಒತ್ತೆ ಇಟ್ಟುಕೊಳ್ಳುವುದಿಲ್ಲ ಎಂದೆ. ಕೊನೆಗೆ 100 ಪೌಂಡಿಗೆ ಇಳಿದೆ. ಆಗಿನ ದರದಲ್ಲಿ ನಾನೂರು ರೂಪಾಯಿಯ ಮೇಲಾಯಿತು.

ಆದರೆ ಆ ಪದ ಮಾತ್ರ ಕಿವಿಯಲ್ಲೇ ಉಳಿಯಿತು. ಬಕ್ಷೀಸು ನಮಗೇನೂ ಪರಕೀಯವಲ್ಲ. ಪಾರಸಿಯಿಂದ ಹೊರಟ ಈ ಮಾತು ಒಂದು ಕಡೆ ಕೈರೋಗೆ ಹೋಯಿತು, ಇನ್ನೊಂದು ಕಡೆ ನಮ್ಮ ಬಾದಾಮಿ-ವಿಜಾಪುರಕ್ಕೆ ಬಂತು. ನಮ್ಮಲ್ಲಿ ಅದಕ್ಕೆ ಮಾನ ಹೆಚ್ಚು. ಶಾಲೆಯಲ್ಲಿ ಗೆದ್ದ ಬಹುಮಾನವನ್ನು ನಮ್ಮ ತಂದೆ ಬಕ್ಷೀಸು ಎನ್ನುತ್ತಿದ್ದರು. ಮಗಳಿಗೆ ಹೊಲ ಬರೆದುಕೊಟ್ಟರೆ ಅದು ಬಕ್ಷೀಸು ಪತ್ರ. ಅದೇ ಪದ ಅಲ್ಲಿ ಬೆನ್ನಟ್ಟಿ ಬಂದಾಗ ಮೈ ಉರಿದದ್ದು ಯಾಕೆ?

ಮರುವರ್ಷ ಕೊರೊನಾ ಬಂದು ಶಾಲೆ ಮುಚ್ಚಿತು. ಮನೆಯಲ್ಲಿ ಕೂತು, ನನಗಿಂತ ಮೊದಲು ಆ ದೇಶಕ್ಕೆ ಪ್ರವಾಸ ಹೋದವರು ಬರೆದದ್ದನ್ನು ಸಿಕ್ಕಷ್ಟು ಓದಿದೆ. ಓದುತ್ತ ಹೋದಂತೆ, ಒಂಟೆಯವನ ಮೇಲಿನ ಸಿಟ್ಟು ಪೂರ್ತಿ ಇಳಿಯಲಿಲ್ಲವಾದರೂ, ನಾನೊಬ್ಬಳೇ ಸಿಕ್ಕಿಬಿದ್ದವಳಲ್ಲ ಎಂಬ ಸಮಾಧಾನವಾಯಿತು.

ಮೊದಲನೆಯವನು ಗ್ರೀಕರ ಹೆರೊಡೊಟಸ್, ಕ್ರಿ.ಪೂ. 5ನೇ ಶತಮಾನದವನು. ಅವನು ಹೋದಾಗಲೇ ಪಿರಮಿಡ್ಡಿಗೆ ಎರಡು ಸಾವಿರ ವರ್ಷ ಆಗಿತ್ತು. ಅದರ ಮೇಲಿನ ಒಂದು ಬರಹವನ್ನು ದುಭಾಷಿ ಅವನಿಗೆ ಓದಿ ಹೇಳಿದನಂತೆ: ಕಟ್ಟಿದ ಕೂಲಿಗಳಿಗೆ ಮೂಲಂಗಿ, ಉಳ್ಳಾಗಡ್ಡಿ, ಬಳ್ಳೊಳ್ಳಿಗೆಂದು 1,600 ಟ್ಯಾಲೆಂಟ್ ಬೆಳ್ಳಿ ಖರ್ಚಾಯಿತು ಎಂದು. ಅರಸ ತನ್ನ ಸಮಾಧಿಯ ಮೇಲೆ ಕಾಯಿಪಲ್ಯದ ಲೆಕ್ಕ ಕೆತ್ತಿಸಿದನೆಂದರೆ ನನಗೆ ನಂಬಿಕೆ ಬರುವುದಿಲ್ಲ. ಆ ದುಭಾಷಿಗೂ ಹಳೆಯ ಲಿಪಿ ಓದಲು ಬರುತ್ತಿರಲಿಲ್ಲವೆಂದೇ ನನ್ನ ಗುಮಾನಿ. ಬಂದವನು ಏನೋ ಕೇಳಿದ, ಇವನು ಏನೋ ಹೇಳಿದ. ಹೆರೊಡೊಟಸ್ ಭಕ್ತಿಯಿಂದ ಬರೆದುಕೊಂಡ.

ಇನ್ನೊಂದು ಸಂಗತಿ ನನಗೆ ಇದಕ್ಕಿಂತ ಹಿಡಿಸಿತು. ಕ್ರಿ.ಪೂ. 112ರಲ್ಲಿ ಲೂಸಿಯಸ್ ಮೆಮ್ಮಿಯಸ್ ಎಂಬ ರೋಮಿನ ಸೆನೆಟ್ ಸದಸ್ಯ ಅಲೆಕ್ಸಾಂಡ್ರಿಯಾದಿಂದ ಒಳನಾಡು ನೋಡಲು ಹೊರಟ. ಸಾಹೇಬರ ದೌರೆ ಎಂದರೆ ತಹಶೀಲ್ದಾರರ ಕಚೇರಿಯಲ್ಲಿ ಆಗುವ ಓಡಾಟ ನಮಗೆ ಗೊತ್ತೇ ಇದೆ. ಅಲ್ಲಿಯೂ ಅದೇ. ಇಳಿಯುವ ಘಟ್ಟ ಸರಿಮಾಡಿ, ಉಳಿಯುವ ಕೋಣೆ ಸಜ್ಜು ಮಾಡಿ, ಕಾಣಿಕೆ ಸಿದ್ಧವಿರಲಿ, ದೇವರ ಮೊಸಳೆಗೆ ಹಾಕಲು ತಿನಿಸೂ ಇರಲಿ ಎಂದು ಕೆಳಗಿನ ಅಧಿಕಾರಿಗಳಿಗೆ ಆಜ್ಞೆ ಹೋಯಿತು. ಆ ಕಾಗದ 1899-1900ರ ಚಳಿಗಾಲದಲ್ಲಿ ಟೆಬ್ಟುನಿಸ್ ಎಂಬಲ್ಲಿ ಅಗೆದಾಗ ಸಿಕ್ಕಿತು. ಅಲ್ಲಿ ಸತ್ತ ಮೊಸಳೆಗಳನ್ನೂ ಮಮ್ಮಿ ಮಾಡುತ್ತಿದ್ದರು. ಅವುಗಳಿಗೆ ತುರುಕಿದ್ದ ರದ್ದಿ ಕಾಗದಗಳಲ್ಲಿ ಇದೂ ಒಂದು.

ಮೊಸಳೆಗೆ ತಿನಿಸು ಹಾಕುವ ಆಟ ಹೇಗೆ ನಡೆಯುತ್ತಿತ್ತೆಂಬುದನ್ನು ಸುಮಾರು ತೊಂಬತ್ತು ವರ್ಷದ ಮೇಲೆ ಸ್ಟ್ರಾಬೊ ಎಂಬ ಭೂಗೋಳದ ಪಂಡಿತ ಕಣ್ಣಾರೆ ಕಂಡು ಬರೆದಿದ್ದಾನೆ. ಅವನ ಆತಿಥೇಯ ರೊಟ್ಟಿ, ಸುಟ್ಟ ಮಾಂಸ, ಜೇನು ಬೆರೆಸಿದ ಪಾನಕ ಒಯ್ದ. ಪೂಜಾರಿಗಳಲ್ಲಿ ಕೆಲವರು ಮೊಸಳೆಯ ಬಾಯಿ ಅಗಲಿಸಿ ಹಿಡಿದರು, ಒಬ್ಬ ತಿನಿಸು ಹಾಕಿದ. ಮೊಸಳೆ ಕೆರೆಗೆ ಹಾರಿ ಆಚೆ ದಡಕ್ಕೆ ಹೋಯಿತು. ಅಷ್ಟರಲ್ಲಿ ಇನ್ನೊಬ್ಬ ಪರದೇಶಿ ತಿನಿಸು ಹಿಡಿದು ಬಂದ. ಪೂಜಾರಿಗಳು ಕೆರೆಯ ಸುತ್ತ ಓಡಿ ಅದೇ ಮೊಸಳೆಯನ್ನು ಹಿಡಿದು ಮತ್ತೆ ಬಾಯಿ ತೆರೆಸಿದರು. ನಾನು ಇದನ್ನು ಓದಿ ಒಬ್ಬಳೇ ನಕ್ಕೆ. ನನ್ನ ಒಂಟೆಯೂ ಪಾಪ, ಆ ದಿನ ಎಷ್ಟು ಜನರಿಗಾಗಿ ಎದ್ದು ಕೂತು ಮಾಡಿತ್ತೋ.

ಕ್ರಿ.ಶ. ಮೊದಲ ಶತಮಾನದ ಪ್ಲಿನಿ, ಪಿರಮಿಡ್ಡುಗಳ ಹತ್ತಿರದ ಬುಸಿರಿಸ್ ಎಂಬ ಹಳ್ಳಿಯವರಿಗೆ ಅವುಗಳನ್ನು ಹತ್ತುವುದು ರೂಢಿ ಎಂದು ಒಂದು ಸಾಲು ಬರೆದು ಮುಂದೆ ಹೋಗುತ್ತಾನೆ. ಹದಿನೆಂಟು ಶತಮಾನ ಬಿಟ್ಟು, 1867ರಲ್ಲಿ ಅಮೆರಿಕದ ಮಾರ್ಕ್ ಟ್ವೇನ್ ಅಲ್ಲಿಗೆ ಬಂದ. ಪ್ರತಿಯೊಬ್ಬ ಯಾತ್ರಿಕನನ್ನೂ ಮೂರು ಮೂರು ಜನ ಎಳೆದು ನೂಕಿ ಮೇಲೆ ಹತ್ತಿಸುತ್ತಿದ್ದರಂತೆ, ದಾರಿಯುದ್ದಕ್ಕೂ ಬಕ್ಷೀಸು ಕೇಳುತ್ತ. ತುದಿ ಮುಟ್ಟಿದ ಮೇಲೆ ಒಬ್ಬ ಪಂದ್ಯ ಒಡ್ಡಿದ: ಈ ಪಿರಮಿಡ್ಡು ಇಳಿದು, ಮರಳು ದಾಟಿ, ಪಕ್ಕದ ಪಿರಮಿಡ್ಡು ಹತ್ತಿ ಇಳಿದು, ತಿರುಗಿ ಇಲ್ಲಿಗೆ ಬರುತ್ತೇನೆ, 9 ನಿಮಿಷದಲ್ಲಿ, ಒಂದು ಡಾಲರಿಗೆ. ಟ್ವೇನ್ ಅವನು ಬಿದ್ದು ಕುತ್ತಿಗೆ ಮುರಿದುಕೊಳ್ಳಲಿ ಎಂಬ ಆಸೆಯಿಂದ ಮತ್ತೆ ಮತ್ತೆ ದುಡ್ಡು ಕೊಟ್ಟನೆಂದು ತಮಾಷೆಯಾಗಿ ಬರೆದುಕೊಂಡಿದ್ದಾನೆ. ಓದುವಾಗ ನಗು ಬರುತ್ತದೆ. ಪುಸ್ತಕ ಮುಚ್ಚಿದ ಮೇಲೆ, ಓಡಿದವನು ಆ ರಾತ್ರಿ ಮನೆಯಲ್ಲಿ ಏನು ಹೇಳಿರಬಹುದು ಎನಿಸುತ್ತದೆ. ಅವನದೊಂದು ಪುಸ್ತಕ ಇಲ್ಲ.

ಇಲ್ಲೇ ಇನ್ನೊಂದು ಪದ ಸಿಕ್ಕಿತು. ಆ ಕಾಲದ ಪ್ರವಾಸಿಗಳೆಲ್ಲ ಡ್ರಾಗೊಮನ್ ಎಂಬವನನ್ನು ಇಟ್ಟುಕೊಳ್ಳುತ್ತಿದ್ದರು. ದೋಣಿ ಗೊತ್ತುಮಾಡುವವನು, ಅಡುಗೆಯವನನ್ನು ಗದರಿಸುವವನು, ಚೌಕಾಸಿ ಮಾಡುವವನು, ಮಾತು ತಿರುಗಿಸಿ ಹೇಳುವವನು ಎಲ್ಲ ಅವನೇ. ಇದರ ಮೂಲ ಅರಬ್ಬಿಯ ತರ್ಜುಮಾನ್. ಅಂದರೆ ನಮ್ಮ ತರ್ಜುಮೆಯ ಅಣ್ಣನೇ! ಏಳನೇ ಇಯತ್ತೆಯಿಂದ 'ಕನ್ನಡಕ್ಕೆ ತರ್ಜುಮೆ ಮಾಡಿರಿ' ಎಂಬ ಪ್ರಶ್ನೆಗೆ ಹೆದರುತ್ತ ಬಂದ ನನಗೆ ಇವನು ಹಳೆಯ ಪರಿಚಿತ.

1869ರಲ್ಲಿ ಥಾಮಸ್ ಕುಕ್ ಎಂಬ ಇಂಗ್ಲಿಷ್ ಗೃಹಸ್ಥ ತನ್ನ ಮೊದಲ ತಂಡವನ್ನು ನೈಲ್ ನದಿಗೆ ಕರೆತಂದ. ಹಣ ಊರಲ್ಲೇ ಕಟ್ಟಿಬಿಡಿ, ಅಲ್ಲಿ ಯಾರೊಂದಿಗೂ ಚೌಕಾಸಿ ಬೇಡ, ಮಾತೇ ಬೇಡ, ಎಲ್ಲ ನಾವು ನೋಡಿಕೊಳ್ಳುತ್ತೇವೆ ಎಂಬುದು ಅವನ ವ್ಯಾಪಾರದ ಗುಟ್ಟು. ನಮ್ಮ 22 ಮಂದಿಗೂ ಹುಬ್ಬಳ್ಳಿಯಲ್ಲಿ ಇದನ್ನೇ ಹೇಳಿದ್ದರು. ಇದರಿಂದ ಯಾತ್ರಿಕರಿಗೆ ಸುಖವಾಯಿತು, ನಿಜ. ಆದರೆ ದೊಡ್ಡ ದುಡ್ಡು ದೋಣಿ ಹತ್ತುವ ಮುಂಚೆಯೇ ಸಂದಾಯವಾದ ಮೇಲೆ ದಡದಲ್ಲಿ ನಿಂತವನಿಗೆ ಉಳಿದದ್ದೇನು? ಚಿಲ್ಲರೆ. ಅದನ್ನು ಯಾತ್ರಿಕ ದಡಕ್ಕೆ ಇಳಿದ ಅರ್ಧ ಗಂಟೆಯಲ್ಲೇ ಗಳಿಸಬೇಕು. ಗದ್ದಲ ಹೆಚ್ಚಲು ಇದೊಂದೇ ಕಾರಣ ಎಂದು ನಾನು ಹೇಳಲಾರೆ, ಆದರೆ ಇದನ್ನು ಬಿಟ್ಟು ಲೆಕ್ಕ ಹಾಕಲೂ ಬಾರದು.

ಆ ದಡದವರ ಪಾಡೇನಿತ್ತೆಂದು ಬರೆದವರು ಕಡಿಮೆ. ಬರೆದವಳು ಲೂಸಿ ಡಫ್ ಗಾರ್ಡನ್. ಕ್ಷಯರೋಗದಿಂದ ಬಳಲುತ್ತ 1862ರಲ್ಲಿ ಈಜಿಪ್ಟಿಗೆ ಬಂದ ಈ ಇಂಗ್ಲಿಷ್ ಹೆಂಗಸು ಲಕ್ಸರ್‌ನ ಹಳೆಯ ಗುಡಿಯ ಮೇಲಿದ್ದ ಮನೆಯೊಂದರಲ್ಲಿ ವರ್ಷಗಟ್ಟಲೆ ಇದ್ದು, ಅರಬ್ಬಿ ಕಲಿತು, ಹಳ್ಳಿಯವರಿಗೆ ಔಷಧ ಕೊಟ್ಟು, 1869ರಲ್ಲಿ ಕೈರೋದಲ್ಲಿ ತೀರಿಕೊಂಡಳು. ರೈತರನ್ನು ಬಲವಂತದ ಕೆಲಸಕ್ಕೆ ಅಟ್ಟಿದ್ದು, ತೆರಿಗೆಯ ಮೇಲೆ ತೆರಿಗೆ ಹೇರಿದ್ದು, ಎಲ್ಲ ಅವಳ ಕಾಗದಗಳಲ್ಲಿದೆ. ಅವಳು ತೀರಿಕೊಂಡ ವರ್ಷವೇ ನವೆಂಬರ್ 17ರಂದು ಸುಯೆಜ್ ಕಾಲುವೆಯ ಉದ್ಘಾಟನೆ ದೊಡ್ಡ ಸಂಭ್ರಮದಿಂದ ನಡೆಯಿತು. 1875ರಲ್ಲಿ ಸಾಲ ತೀರಿಸಲಾಗದೆ ಅರಸ ಕಾಲುವೆಯ ತನ್ನ ಪಾಲನ್ನು ಬ್ರಿಟಿಷರಿಗೆ ಮಾರಿದ. 1882ರಲ್ಲಿ ಅವರ ಸೈನ್ಯವೇ ಬಂತು. ಅವಳು ದಡದವರೊಂದಿಗೆ ತಾನೇ ಮಾತಾಡುತ್ತಿದ್ದಳು. ಅದಕ್ಕೇ ಅವಳ ಕಾಗದಗಳಲ್ಲಿ ಅವರಿಗೆ ಬೇಡುವ ಕೈಗಳಷ್ಟೇ ಅಲ್ಲದೆ ಹೆಸರುಗಳೂ ಇವೆ.

ಲಕ್ಸರ್ ಗುಡಿಯ ಮಹಾದ್ವಾರದ ಮುಂದೆ ಈಗ ಒಂದೇ ಕಲ್ಲುಕಂಬ ಇದೆ. ಅದರ ಜೋಡಿಯನ್ನು ಅರಸ ಮುಹಮ್ಮದ್ ಅಲಿ ಫ್ರಾನ್ಸಿಗೆ ಕೊಟ್ಟುಬಿಟ್ಟ. 1836ರಿಂದ ಅದು ಪ್ಯಾರಿಸ್ಸಿನ ಚೌಕದಲ್ಲಿ ನೆಟ್ಟು ನಿಂತಿದೆ. ಪ್ರತಿಯಾಗಿ ಬಂದದ್ದು ಒಂದು ಗಡಿಯಾರ. ಅದು ಕೈರೋದ ಕೋಟೆಯಲ್ಲಿ ಬಹುಕಾಲ ಕೆಟ್ಟೇ ನಿಂತಿತ್ತು. ಇದಕ್ಕೂ ಬಕ್ಷೀಸು ಎನ್ನಬಹುದೋ ಏನೋ. ಮೂರು ಸಾವಿರ ವರ್ಷ ದಾಟಿದ ಕಂಬ ಒಯ್ದವರನ್ನು ಯಾರೂ ಪೀಡೆ ಎನ್ನಲಿಲ್ಲ.

ಇದೆಲ್ಲ ಆಮೇಲೆ ಓದಿದ್ದು. ಅಲ್ಲಿದ್ದಾಗ ಇದಾವುದೂ ತಲೆಯಲ್ಲಿರಲಿಲ್ಲ. ಇದ್ದಿದ್ದರೆ ಲಕ್ಸರ್‌ನಲ್ಲಿ ಹಾಗೆ ನಡೆದುಕೊಳ್ಳುತ್ತಿದ್ದೆನೋ ಇಲ್ಲವೋ, ಗೊತ್ತಿಲ್ಲ.

ನದಿಯ ಪಶ್ಚಿಮ ದಂಡೆಯಲ್ಲಿ, ಗುಡ್ಡದ ಮೈಯಲ್ಲಿ ರೆಖ್ಮಿರೆ ಎಂಬ ಮಂತ್ರಿಯ ಗೋರಿಯಿದೆ, ಕ್ರಿ.ಪೂ. 15ನೇ ಶತಮಾನದ್ದು. ನಾನು ಹಟ ಹಿಡಿದದ್ದಕ್ಕೆ ನಮ್ಮ ತಂಡದಲ್ಲಿ ಆರು ಜನ ಬಂದರು. ಒಳಗೆ ಗೋಡೆಯ ಮೇಲೆ ಪರದೇಶಿಗಳ ಸಾಲು. ಕ್ರೀಟಿನವರು ಹೂಜಿ ಹಿಡಿದು, ನ್ಯೂಬಿಯದವರು ಜಿರಾಫೆ ಹೊಡೆದುಕೊಂಡು, ಸಿರಿಯದವರು ಕರಡಿಯೊಂದಿಗೆ, ಎಲ್ಲರೂ ಕಾಣಿಕೆ ತರುತ್ತಿದ್ದಾರೆ. ಉದ್ದ ನಿಲುವಂಗಿಯ ಮುದುಕನೊಬ್ಬ ಕಾವಲಿಗಿದ್ದ. ತಾನಾಗಿ ಬ್ಯಾಟರಿ ಹಚ್ಚಿ, ಜಿರಾಫೆಯ ಕುತ್ತಿಗೆ ಏರುತ್ತಿರುವ ಮಂಗನನ್ನು ತೋರಿಸಿದ. ಅವನು ತೋರಿಸದಿದ್ದರೆ ನನಗದು ಕಾಣುತ್ತಿರಲಿಲ್ಲ. ಹೊರಗೆ ಬರುವಾಗ ಎರಡು ಬೆರಳು ಉಜ್ಜಿ ಮೆಲ್ಲಗೆ ಅಂದ, 'ಬಕ್ಷೀಸು.'

ನಾಲ್ಕು ದಿನದ ಸಿಟ್ಟು ಒಮ್ಮೆಲೆ ಬಂತು. ಎಲ್ಲರೆದುರು, ಅಚ್ಚ ಕನ್ನಡದಲ್ಲಿ ಕೂಗಿದೆ: 'ನಾಚಿಕಿ ಆಗೂದಿಲ್ಲೇನು ನಿನಗ? ಕೈ ಒಡ್ಡೂದು ಬಿಟ್ಟು ಬ್ಯಾರೆ ಏನೂ ಕಲಿಸಿಲ್ಲೇನು?' ಭಾಷೆ ತಿಳಿಯದಿದ್ದರೂ ಬೈಗುಳ ಯಾರಿಗಾದರೂ ತಿಳಿಯುತ್ತದೆ. ಮುದುಕ ಬ್ಯಾಟರಿ ಆರಿಸಿದ. 'ಮಾಲೇಶ್' ಎಂದ. ಇರಲಿ ಬಿಡಿ ಎಂದು ಅದರ ಅರ್ಥವಂತೆ.

ಆ ಎರಡು ಮಾತನ್ನು ನಾನು ಇದಕ್ಕೆ ಮುಂಚೆ ಒಮ್ಮೆ ಆಡಿದ್ದೆ. 1996ರಲ್ಲಿ, ಬಾದಾಮಿಯ ಗುಹೆಗಳ ಮೆಟ್ಟಿಲ ಹತ್ತಿರ. ಏಳನೇ ಇಯತ್ತೆಯ ಹುಡುಗನೊಬ್ಬ ಬಿಳಿಯ ಹೆಂಗಸರ ಬೆನ್ನುಹತ್ತಿ 'ಪೆನ್, ಪೆನ್' ಎನ್ನುತ್ತಿದ್ದ. ನಾನು ಹೊಸ ಮಾಸ್ತರಿಣಿ, ದೇಶದ ಮಾನವೆಲ್ಲ ನನ್ನ ಕೈಯಲ್ಲೇ ಇದೆ ಎಂದುಕೊಂಡವಳು. ಕಿವಿ ಹಿಡಿದು ಎಳೆತಂದೆ. ಮರುದಿನ ಪ್ರಾರ್ಥನೆಯ ಹೊತ್ತಿಗೆ ಎಲ್ಲರೆದುರು ನಿಲ್ಲಿಸಿ ಇದೇ ಮಾತು ಅಂದೆ. ಅವನು ಚೆನ್ನಾಗಿ ಓದುವ ಹುಡುಗ. ಆ ವಾರ ಶಾಲೆಗೆ ಬರಲಿಲ್ಲ, ಮುಂದಿನ ವಾರವೂ ಬರಲಿಲ್ಲ. ಆಮೇಲೆ ವಿಚಾರಿಸಿದಾಗ ಮನೆಮಂದಿಯೆಲ್ಲ ಗೋವಾಕ್ಕೆ ದುಡಿಯಲು ಹೋದರೆಂದು ತಿಳಿಯಿತು. ಹೇಗೂ ಹೋಗುವವರಿದ್ದರೋ, ನನ್ನ ಮಾತಿಗೆ ಅವನು ಶಾಲೆ ಬೇಡವೆಂದನೋ, ಕೇಳಲು ಯಾರೂ ಇರಲಿಲ್ಲ. ಅವನಿಗೆ ಪೆನ್ ಬೇಕಾಗಿತ್ತೇ ಎಂದು ಕೂಡ ನಾನು ಆಗ ಕೇಳಿರಲಿಲ್ಲ.

ಗೋರಿಯಿಂದ ಬಸ್ಸಿಗೆ ಬಂದು ಕೂತೆ. ನಮ್ಮ ಮಾರ್ಗದರ್ಶಿ ಮೆಲ್ಲಗೆ ಹೇಳುತ್ತಿದ್ದ: 2010ರಲ್ಲಿ ಈ ದೇಶಕ್ಕೆ ಸುಮಾರು 1 ಕೋಟಿ 47 ಲಕ್ಷ ಯಾತ್ರಿಕರು ಬಂದಿದ್ದರು, ಮರುವರ್ಷ ಕ್ರಾಂತಿಯಾಗಿ ಆ ಸಂಖ್ಯೆ ಕೋಟಿಯ ಕೆಳಗೆ ಇಳಿಯಿತು, ಈ ಗೋರಿಗಳ ಕಡೆ ಎಷ್ಟೋ ದಿನ ಒಬ್ಬರೂ ಬರುತ್ತಿರಲಿಲ್ಲ, ಎಂದು. ಅವನು ನನ್ನತ್ತ ನೋಡದೆ ಹೇಳಿದ.

ನಮ್ಮವರು ಎಲ್ಲರಿಗಿಂತ ಕೊನೆಗೆ ಹತ್ತಿದರು. ಬಸ್ಸು ಬಿಟ್ಟ ಮೇಲೆ, ಮುದುಕನಿಗೆ 20 ಪೌಂಡು ಕೊಟ್ಟೆನೆಂದರು. ನಾನು ಕಿಟಕಿಯ ಕಡೆ ಮುಖ ಮಾಡಿದ್ದೆ. ಸ್ವಲ್ಪ ಹೊತ್ತಾದ ಮೇಲೆ ಕೇಳಿದೆ, 'ಏನಂದ?'

'ಭಾಳ ಹೊತ್ತು ಏನೋ ಹೇಳಿದ. ನನ್ನ ಕೈ ಹಿಡಕೊಂಡು, ನಿನ್ನ ಕಡೆ ತೋರಿಸಿ ಹೇಳಿದ' ಎಂದರು. 'ನನಗೇನೂ ತಿಳೀಲಿಲ್ಲ.'