ಗೇರ್ ಹಾಕುವಾಗಿನ ಹೊಡೆತದ ಸದ್ದು
ಆಟೊಮ್ಯಾಟಿಕ್ ಕಾರಿನ ಲಿವರನ್ನು ‘ಪಿ’ಯಿಂದ ‘ಆರ್’ ಅಥವಾ ‘ಡಿ’ಗೆ ತಂದಾಗ ಕೆಳಗಿನಿಂದ ಕೇಳಿಬರುವ ‘ಧಡ್’ ಎಂಬ ಸದ್ದು. ಗೇರ್‌ಬಾಕ್ಸಿನ ಕ್ಲಚ್‌ಗಳು ಎಣ್ಣೆಯ ಒತ್ತಡದಿಂದ ಬಿಗಿದೊಡನೆ ಎಂಜಿನ್ನಿನ ಬಲ ಚಕ್ರಗಳತ್ತ ಸಾಗುತ್ತದೆ. ದಾರಿಯಲ್ಲಿ ಎಲ್ಲಿ ಸಡಿಲವಿದೆಯೋ ಅಲ್ಲಿ ಹೊಡೆತ. ಮೊದಲು ಐಡ್ಲಿಂಗ್ ನೋಡಬೇಕು: ಬಿಸಿಯಾದ ಎಂಜಿನ್ ಸಾಮಾನ್ಯವಾಗಿ ನಿಮಿಷಕ್ಕೆ 600–800 ಸುತ್ತು ತಿರುಗುತ್ತದೆ, ಅದಕ್ಕಿಂತ ಹೆಚ್ಚಿದ್ದರೆ ಸದ್ದೂ ಜೋರು. ಬಳಿಕ ಬಾನೆಟ್ ತೆರೆದು, ಬ್ರೇಕ್ ಗಟ್ಟಿಯಾಗಿ ಒತ್ತಿಹಿಡಿದು ‘ಆರ್’, ‘ಡಿ’ ಬದಲಿಸುವಾಗ ಇನ್ನೊಬ್ಬರು ಪಕ್ಕದಲ್ಲಿ ನಿಂತು ಗಮನಿಸಲಿ (ಕಾರಿನ ಮುಂದೆ ಮಾತ್ರ ಎಂದಿಗೂ ನಿಲ್ಲಬಾರದು). ಎಂಜಿನ್ ಎದ್ದು ಕುಕ್ಕಿದರೆ ಅದನ್ನು ಹಿಡಿದಿಡುವ ಮೌಂಟಿನ ರಬ್ಬರು ಹರಿದಿರುವುದೇ ಹೆಚ್ಚು. ಹಿಂಬದಿ ಚಕ್ರ ಚಾಲನೆಯ ವಾಹನಗಳಲ್ಲಿ ಹಿಂದಕ್ಕೆ ಬಲ ಒಯ್ಯುವ ಶಾಫ್ಟಿನ ಯೂನಿವರ್ಸಲ್ ಜಾಯಿಂಟ್ ಸವೆದಿರಬಹುದು. ಇವನ್ನು ನೋಡದೆ ಗೇರ್‌ಬಾಕ್ಸ್ ಬಿಚ್ಚಿಸುವುದು ದುಡ್ಡಿಗೆ ದಂಡ. ಲಿವರ್ ಹಾಕಿ ಒಂದೆರಡು ಸೆಕೆಂಡ್ ತಡವಾಗಿ ಹೊಡೆತ ಬಿದ್ದರೆ ಎಣ್ಣೆ ಕಡಿಮೆಯಾಗಿರುವ ಅಥವಾ ಅದರ ಒತ್ತಡವನ್ನು ನಿಯಂತ್ರಿಸುವ ವಾಲ್ವ್ ಬಾಡಿ ಕೆಟ್ಟಿರುವ ಸಂಭವವಿದೆ.