ಖಾಯಂ ವಿಳಾಸವಿಲ್ಲದ ಮನೆಗಳು

ಪಡಿತರ ಚೀಟಿಯ ಅರ್ಜಿ ಇರಲಿ, ಮಗುವನ್ನು ಶಾಲೆಗೆ ಸೇರಿಸುವ ಫಾರಂ ಇರಲಿ, ಅದರಲ್ಲಿ ‘ಖಾಯಂ ವಿಳಾಸ’ ಮತ್ತು ‘ಈಗಿನ ವಿಳಾಸ’ ಎಂಬ ಎರಡು ಕಲಮುಗಳಿರುತ್ತವೆ. ಸ್ವಂತ ಮನೆಯಲ್ಲಿರುವವರು ಎರಡರಲ್ಲೂ ಒಂದನ್ನೇ ಬರೆದು ಮುಂದೆ ಹೋಗುತ್ತಾರೆ. ಬಾಡಿಗೆ ಮನೆಯಿಂದ ಬಾಡಿಗೆ ಮನೆಗೆ ಹೋಗುವವರಿಗೆ ಮಾತ್ರ ಈ ಎರಡು ಕಲಮುಗಳ ನಡುವಿನ ಅಂತರ ಎಷ್ಟೆಂದು ಗೊತ್ತು. ಅಂತರ್ಜಾಲದಲ್ಲಿಯೂ ಇಂಥದೇ ಎರಡು ಬಗೆಯ ವಿಳಾಸಗಳಿವೆ. ಅಲ್ಲಿ ಮನೆಬಳಕೆಯ ಬ್ರಾಡ್‌ಬ್ಯಾಂಡ್ ಪಡೆದ ನಮ್ಮಲ್ಲಿ ಬಹುತೇಕರು ಬಾಡಿಗೆದಾರರೇ. ಇದು ಹೇಗಾಯಿತು, ಇದರಿಂದ ನಮಗಾದ ಲಾಭವೇನು, ನಷ್ಟವೇನು ಎಂಬುದನ್ನು ನಾವು ತಿಳಿದುಕೊಳ್ಳಲೇಬೇಕು. ಏಕೆಂದರೆ ಈ ವಿಳಾಸದ ಗೊಂದಲದಿಂದ ನಮ್ಮದೇ ರಾಜ್ಯದ ಒಬ್ಬ ನಿರಪರಾಧಿ ಜೈಲಿಗೂ ಹೋಗಿ ಬಂದಿದ್ದಾನೆ.

ಅಂತರ್ಜಾಲಕ್ಕೆ ಸೇರಿದ ಪ್ರತಿಯೊಂದು ಸಂಪರ್ಕಕ್ಕೂ ಒಂದು ಸಂಖ್ಯೆ ಬೇಕು. ಅದನ್ನೇ ಐಪಿ ವಿಳಾಸ ಎನ್ನುತ್ತಾರೆ. ನಾವು ಒಂದು ಪುಟವನ್ನು ಕೇಳಿದಾಗ ಅದು ಮರಳಿ ಯಾರ ಮನೆಗೆ ಬರಬೇಕು ಎಂಬುದನ್ನು ಈ ಸಂಖ್ಯೆಯೇ ಹೇಳುತ್ತದೆ. ಒಬ್ಬ ಗ್ರಾಹಕನಿಗೆಂದೇ ಕಾದಿರಿಸಿದ, ಬದಲಾಗದ ಸಂಖ್ಯೆ ಸ್ಟ್ಯಾಟಿಕ್ ಐಪಿ. ಸೇವಾ ಸಂಸ್ಥೆಯು ತನ್ನ ಸಂಗ್ರಹದಿಂದ ಸ್ವಲ್ಪ ಕಾಲಕ್ಕೆಂದು ಕೊಟ್ಟು, ಆಮೇಲೆ ಹಿಂಪಡೆದು ಇನ್ನೊಬ್ಬರಿಗೆ ಕೊಡುವ ಸಂಖ್ಯೆ ಡೈನಮಿಕ್ ಐಪಿ. ಇಂದು ಬೆಳಗ್ಗೆ ನಮ್ಮದಾಗಿದ್ದ ಸಂಖ್ಯೆ ಸಂಜೆ ಪಕ್ಕದ ಬಡಾವಣೆಯ ಅಪರಿಚಿತನದಾಗಿರಬಹುದು.

ಮೊದಲಿಗೆ ಹೀಗಿರಲಿಲ್ಲ. 1969ರಲ್ಲಿ ಅಮೆರಿಕದಲ್ಲಿ ಅರ್ಪಾನೆಟ್ ಆರಂಭವಾದಾಗ ಅದರಲ್ಲಿದ್ದದ್ದು ನಾಲ್ಕೇ ಕೇಂದ್ರಗಳು. ಯಂತ್ರಗಳು ಬೆರಳೆಣಿಕೆಯಷ್ಟು, ಅವುಗಳ ಸಂಖ್ಯೆಗಳೂ ಸ್ಥಿರ. ಯಾರಿಗೆ ಯಾವ ಸಂಖ್ಯೆ ಎಂಬ ಲೆಕ್ಕವನ್ನು ಜಾನ್ ಪೋಸ್ಟೆಲ್ ಎಂಬ ವಿಜ್ಞಾನಿ ವರ್ಷಗಟ್ಟಲೆ ನೋಡಿಕೊಂಡರು. 1981ರ ಸೆಪ್ಟೆಂಬರ್‌ನಲ್ಲಿ ಐಪಿ ನಾಲ್ಕನೇ ಆವೃತ್ತಿಯ ನಿಯಮಾವಳಿ ಪ್ರಕಟವಾಯಿತು. 1983ರ ಜನವರಿ 1ರಂದು ಅರ್ಪಾನೆಟ್ ಪೂರ್ತಿಯಾಗಿ ಆ ಪದ್ಧತಿಗೆ ಬದಲಾಯಿತು. ಅದರಲ್ಲಿ ವಿಳಾಸದ ಉದ್ದ 32 ಬಿಟ್. ಅಂದರೆ ಒಟ್ಟು ವಿಳಾಸಗಳು ಸುಮಾರು 429 ಕೋಟಿ. ಅಂದಿನ ಜಗತ್ತಿನ ಜನಸಂಖ್ಯೆಯೇ ಸುಮಾರು 450 ಕೋಟಿ. ತಲೆಗೊಂದು ವಿಳಾಸ ಎಂಬ ಲೆಕ್ಕಕ್ಕೆ ಆ ಸಂಖ್ಯೆ ಅಂದೇ ಸಾಲುತ್ತಿರಲಿಲ್ಲ! ಆದರೆ ಅದನ್ನು ರೂಪಿಸಿದವರ ಕಣ್ಣಮುಂದೆ ಇದ್ದದ್ದು ಒಂದು ಪ್ರಯೋಗ. ಪ್ರತಿ ಮನೆಯಲ್ಲೂ ಗಣಕಯಂತ್ರ, ಪ್ರತಿ ಜೇಬಿನಲ್ಲೂ ಫೋನು ಎಂಬುದು ಅವರ ಎಣಿಕೆಯಲ್ಲಿ ಇರಲಿಲ್ಲ.

ಹಂಚಿಕೆಯೂ ಧಾರಾಳವಾಗಿತ್ತು. ಮೊದಲು ಬಂದು ಕೇಳಿದವರಿಗೆ ಹೋಬಳಿಗಟ್ಟಲೆ ಜಮೀನು ಬರೆದುಕೊಟ್ಟ ಹಾಗೆ, ಕೆಲವು ಅಮೆರಿಕನ್ ಸಂಸ್ಥೆಗಳಿಗೆ ಒಂದೊಂದಕ್ಕೂ ಸುಮಾರು 1.6 ಕೋಟಿ ವಿಳಾಸಗಳು ದಕ್ಕಿದವು. ಮೆಸಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆ ಅವುಗಳಲ್ಲೊಂದು. 2017ರಲ್ಲಿ ಅದು ತನ್ನ ಬಳಿಯ ವಿಳಾಸಗಳಲ್ಲಿ 1.4 ಕೋಟಿಯನ್ನು ಬಳಸಿಯೇ ಇಲ್ಲವೆಂದು ಹೇಳಿ, ದೊಡ್ಡ ಪಾಲನ್ನು ಮಾರಾಟಕ್ಕಿಟ್ಟಿತು. ಪುಕ್ಕಟೆ ಬಂದದ್ದು ಅಷ್ಟು ಹೊತ್ತಿಗೆ ಬೆಲೆಬಾಳುವ ಆಸ್ತಿಯಾಗಿತ್ತು. ತಡವಾಗಿ ಬಂದ ಏಷ್ಯಾ, ಆಫ್ರಿಕಾದ ದೇಶಗಳು ಮಾತ್ರ ಉಳಿದದ್ದನ್ನು ಹಂಚಿಕೊಳ್ಳಬೇಕಾಯಿತು. ಭೂಮಿಯ ಇತಿಹಾಸದಲ್ಲಿ ನಾವು ಓದಿದ ಕಥೆಯೇ ಇಲ್ಲಿಯೂ ನಡೆಯಿತು.

ತೊಂಬತ್ತರ ದಶಕದ ಆರಂಭಕ್ಕೆ ಕೊರತೆಯ ಸೂಚನೆ ಸಿಕ್ಕಿತು. ಆಗ ಮೂರು ಉಪಾಯಗಳು ಬಂದವು. 1993ರಲ್ಲಿ ವಿಳಾಸಗಳನ್ನು ಅಗತ್ಯಕ್ಕೆ ತಕ್ಕಷ್ಟು ಸಣ್ಣ ತುಂಡುಗಳಾಗಿ ಕೊಡುವ ಪದ್ಧತಿ ಬಂತು. ಅದೇ ವರ್ಷ ವಿಳಾಸವನ್ನು ಅವಧಿಯ ಲೆಕ್ಕದಲ್ಲಿ ಗೇಣಿಗೆ ಕೊಟ್ಟು ಹಿಂಪಡೆಯುವ ಡಿಎಚ್‌ಸಿಪಿ ಎಂಬ ನಿಯಮ ಪ್ರಕಟವಾಯಿತು. 1994ರಲ್ಲಿ ಬಂದದ್ದು ನ್ಯಾಟ್: ಮನೆಯೊಳಗೆ ಎಷ್ಟೇ ಯಂತ್ರಗಳಿರಲಿ, ಹೊರಗೆ ಎಲ್ಲವೂ ಒಂದೇ ವಿಳಾಸದಲ್ಲಿ ಕಾಣುವ ಏರ್ಪಾಡು. ಇದು ತಾತ್ಕಾಲಿಕ ಪರಿಹಾರವಷ್ಟೇ ಎಂದು ಅದನ್ನು ಸೂಚಿಸಿದವರೇ ಬರೆದಿದ್ದರು. ತಾತ್ಕಾಲಿಕ ಶೆಡ್ಡುಗಳು ಎಷ್ಟು ಕಾಲ ನಿಲ್ಲುತ್ತವೆಂದು ನಮಗೆ ಹೇಳಿಕೊಡಬೇಕಾಗಿಲ್ಲ.

ಡಯಲ್ ಅಪ್ ಕಾಲದಲ್ಲಿ ಬದಲಾಗುವ ವಿಳಾಸ ಸಹಜವೂ ಆಗಿತ್ತು. ಒಂದು ಸಂಸ್ಥೆಗೆ ಸಾವಿರ ಗ್ರಾಹಕರಿದ್ದು, ಒಂದು ಹೊತ್ತಿಗೆ ನೂರು ಜನ ಮಾತ್ರ ಸಂಪರ್ಕ ಪಡೆಯಬಲ್ಲರೆಂದರೆ ನೂರು ವಿಳಾಸ ಸಾಕು. ಛತ್ರದ ಊಟದಲ್ಲಿ ಪಂಕ್ತಿ ಎದ್ದ ಮೇಲೆ ಅದೇ ಜಾಗದಲ್ಲಿ ಇನ್ನೊಂದು ಪಂಕ್ತಿ ಕೂರುವ ಹಾಗೆ. ಭಾರತದಲ್ಲಿ 1995ರ ಆಗಸ್ಟ್ 15ರಂದು ವಿದೇಶ ಸಂಚಾರ ನಿಗಮ ಸಾರ್ವಜನಿಕರಿಗೆ ಅಂತರ್ಜಾಲ ಸೇವೆ ಆರಂಭಿಸಿತು. 1998ರಲ್ಲಿ ಖಾಸಗಿ ಸಂಸ್ಥೆಗಳಿಗೂ ಅವಕಾಶ ಸಿಕ್ಕಿತು. 2004ರ ಬ್ರಾಡ್‌ಬ್ಯಾಂಡ್ ನೀತಿಯು ಸೆಕೆಂಡಿಗೆ 256 ಕಿಲೋಬಿಟ್‌ಗಿಂತ ಕಡಿಮೆಯಿಲ್ಲದ, ಸದಾ ಚಾಲೂ ಇರುವ ಸಂಪರ್ಕವನ್ನು ಬ್ರಾಡ್‌ಬ್ಯಾಂಡ್ ಎಂದು ಕರೆಯಿತು. 2005ರಲ್ಲಿ ಬಿಎಸ್‌ಎನ್‌ಎಲ್‌ನ ಡೇಟಾಒನ್ ಮನೆಮನೆಗೆ ಬಂತು. ಸಂಪರ್ಕ ಸದಾ ಚಾಲೂ ಆದರೂ ವಿಳಾಸ ಸ್ಥಿರವಾಗಲಿಲ್ಲ. ಮೋಡೆಮ್ ಆರಿಸಿ ಹಚ್ಚಿದರೆ ಹೊಸ ಸಂಖ್ಯೆ. ಸ್ಥಿರ ವಿಳಾಸ ಬೇಕೆಂದವರು ಹೆಚ್ಚಿನ ಹಣ ಕೊಡಬೇಕು. ಕೊರತೆಯ ಕಾಲದ ಉಳಿತಾಯ ಕ್ರಮವು ಹೀಗೆ ವ್ಯಾಪಾರದ ಪದ್ಧತಿಯಾಗಿ ನೆಲೆಯೂರಿತು.

ಸಾಮಾನ್ಯ ಬಳಕೆದಾರನಿಗೆ ಇದರಿಂದೇನು ತೊಂದರೆ? ಸುದ್ದಿ ಓದುವುದಕ್ಕೆ, ಪತ್ರ ಕಳುಹಿಸುವುದಕ್ಕೆ ಏನೂ ಇಲ್ಲ. ಆದರೆ ದೂರದೂರಿನಿಂದ ಮನೆಯ ಕ್ಯಾಮರಾ ನೋಡಬೇಕೆಂದರೆ, ತನ್ನದೇ ಜಾಲತಾಣವನ್ನು ಮನೆಯ ಯಂತ್ರದಲ್ಲಿ ನಡೆಸಬೇಕೆಂದರೆ ಅಥವಾ ಗೊತ್ತಾದ ವಿಳಾಸಗಳಿಗೆ ಮಾತ್ರ ಬಾಗಿಲು ತೆರೆಯುವ ಕಚೇರಿಯ ಯಂತ್ರವನ್ನು ಮನೆಯಿಂದ ತಲುಪಬೇಕೆಂದರೆ, ದಿನಕ್ಕೊಂದು ವಿಳಾಸ ಅಡ್ಡಬರುತ್ತದೆ. ಪ್ರತಿಯೊಬ್ಬನೂ ಕೊಡುವವನೂ ಪಡೆಯುವವನೂ ಆಗಬಹುದಾಗಿದ್ದ ಜಾಲದಲ್ಲಿ ಮನೆಯಲ್ಲಿರುವವನು ಪಡೆಯುವವನಾಗಿಯೇ ಉಳಿದ.

ಇದಕ್ಕಿಂತ ಗಂಭೀರವಾದದ್ದು ಬೇರೆಯೇ ಇದೆ. 2007ರ ಆಗಸ್ಟ್ ಕೊನೆಯಲ್ಲಿ ಪುಣೆಯ ಪೊಲೀಸರು ಬೆಂಗಳೂರಿಗೆ ಬಂದು ಮಾಹಿತಿ ತಂತ್ರಜ್ಞಾನ ಕ್ಷೇತ್ರದ ಒಬ್ಬ ಯುವ ಉದ್ಯೋಗಿಯನ್ನು ಬಂಧಿಸಿದರು. ಆರ್ಕುಟ್ ತಾಣದಲ್ಲಿ ಛತ್ರಪತಿ ಶಿವಾಜಿಯನ್ನು ಅವಮಾನಿಸುವ ಬರಹ ಹಾಕಿದನೆಂಬುದು ಆರೋಪ. ಪೊಲೀಸರ ಕೈಯಲ್ಲಿದ್ದದ್ದು ಒಂದು ಐಪಿ ವಿಳಾಸ. ಆ ಹೊತ್ತಿನಲ್ಲಿ ಅದು ಯಾರ ಬಳಿ ಇತ್ತು ಎಂದು ಅವರು ಸೇವಾ ಸಂಸ್ಥೆಯನ್ನು ಕೇಳಿದರು. ಸಂಸ್ಥೆ ಕೊಟ್ಟ ವಿವರ ಈತನದು. ಅದು ತಪ್ಪಾಗಿತ್ತು. ಸತ್ಯ ಹೊರಬಂದು ಈತ ಮನೆಗೆ ಮರಳುವಷ್ಟರಲ್ಲಿ ಜೈಲಿನಲ್ಲಿ 50 ದಿನ ಕಳೆದಿದ್ದ.

ಈ ಪ್ರಕರಣವನ್ನು ನಾವು ಒಬ್ಬ ಗುಮಾಸ್ತನ ಕೈತಪ್ಪು ಎಂದು ಮರೆಯುವಂತಿಲ್ಲ. ಬದಲಾಗುವ ವಿಳಾಸ ಯಾರನ್ನೂ ಗುರುತಿಸುವುದಿಲ್ಲ. ಅದರ ಜೊತೆಗೆ ನಿಖರವಾದ ಸಮಯ ಬೇಕು. ಅನೇಕ ಯಂತ್ರಗಳು ಸಮಯವನ್ನು ಜಾಗತಿಕ ಗಡಿಯಾರದಲ್ಲಿ ಬರೆದಿಡುತ್ತವೆ. ನಮ್ಮ ಗಡಿಯಾರ ಅದಕ್ಕಿಂತ ಐದೂವರೆ ಗಂಟೆ ಮುಂದಿದೆ. ಈ ಲೆಕ್ಕದಲ್ಲಿ ಎಡವಿದರೆ ಬೆರಳು ಬೇರೊಂದು ಮನೆಯ ಕಡೆಗೆ ತಿರುಗುತ್ತದೆ. ಮನೆ ಸರಿಯಾಗಿ ಸಿಕ್ಕಿದರೂ ಆ ಮನೆಯಲ್ಲಿ ಕೀಲಿಮಣೆಯ ಮುಂದೆ ಕುಳಿತಿದ್ದವರು ಯಾರು ಎಂಬ ಪ್ರಶ್ನೆ ಉಳಿದೇ ಇರುತ್ತದೆ. ಯಾವ ಹೊತ್ತಿಗೆ ಯಾವ ಸಂಖ್ಯೆ ಯಾರದಾಗಿತ್ತು ಎಂಬ ದಫ್ತರ ಇರುವುದು ಸಂಸ್ಥೆಯ ಬಳಿ. ಆರೋಪ ಹೊತ್ತವನಿಗೆ ಅದನ್ನು ನೋಡುವ ದಾರಿಯೇ ಇರುವುದಿಲ್ಲ.

ಮುಂದೆ ಗೊಂದಲ ಇನ್ನೂ ಹೆಚ್ಚಿತು. 2011ರ ಫೆಬ್ರವರಿ 3ರಂದು ಜಾಗತಿಕ ಉಗ್ರಾಣದ ಕೊನೆಯ ವಿಳಾಸ ಕಂತೆಗಳು ಹಂಚಿಹೋದವು. ಅದೇ ಏಪ್ರಿಲ್‌ನಲ್ಲಿ ಏಷ್ಯಾ ಪೆಸಿಫಿಕ್ ವಲಯದ ಸಂಗ್ರಹವೂ ಕೊನೆಯ ಕಂತೆಗೆ ಬಂದು ಮುಟ್ಟಿ, ಕಟ್ಟುನಿಟ್ಟಿನ ಪಡಿತರ ಶುರುವಾಯಿತು. ಆಗ ಸಂಸ್ಥೆಗಳು ಮನೆಯೊಳಗಿನ ನ್ಯಾಟ್ ಉಪಾಯವನ್ನು ಇಡೀ ಬಡಾವಣೆಗಳಿಗೆ ವಿಸ್ತರಿಸಿದವು. ಈಗ ಒಂದು ವಿಳಾಸ ಒಂದು ಮನೆಯದೂ ಅಲ್ಲ. ಏಕಕಾಲಕ್ಕೆ ಹಲವಾರು ಮನೆಗಳದು. ಸರಿಯಾದ ಗ್ರಾಹಕನನ್ನು ಹುಡುಕಲು ವಿಳಾಸ, ಕ್ಷಣದ ಲೆಕ್ಕದ ಸಮಯ ಹಾಗೂ ಪೋರ್ಟ್ ಸಂಖ್ಯೆ ಮೂರೂ ಬೇಕು. 2017ರಲ್ಲಿ ಯುರೋಪಿನ ಪೊಲೀಸ್ ಸಂಸ್ಥೆ ಯುರೋಪೋಲ್ ಈ ಪದ್ಧತಿ ಕೊನೆಯಾಗಬೇಕೆಂದು ಕೇಳಿತು. ತಪ್ಪಿತಸ್ಥ ಸಿಗುವುದಿಲ್ಲ, ತಪ್ಪಿಲ್ಲದವರು ತನಿಖೆಯ ಬಲೆಗೆ ಬೀಳುತ್ತಾರೆ ಎಂಬುದು ಅದರ ಅಳಲು. 2022ರಲ್ಲಿ ಭಾರತದ ಸರ್ಟ್ ಇನ್ ಸಂಸ್ಥೆಯು ಸೇವಾ ಸಂಸ್ಥೆಗಳು ತಮ್ಮ ಗಡಿಯಾರಗಳನ್ನು ಅಧಿಕೃತ ಸಮಯಕ್ಕೆ ಹೊಂದಿಸಿಡಬೇಕು, ದಾಖಲೆಗಳನ್ನು 180 ದಿನ ಕಾಯ್ದಿಡಬೇಕು ಎಂದು ಆದೇಶಿಸಿತು.

ಹಾಗಾದರೆ ಎಲ್ಲರಿಗೂ ಸ್ಥಿರ ವಿಳಾಸ ಕೊಟ್ಟರೆ ಆಯಿತಲ್ಲ? ಮಾತು ಅಷ್ಟು ಸುಲಭವಲ್ಲ. ಬದಲಾಗದ ಸಂಖ್ಯೆಯನ್ನು ಹಿಡಿದು ಒಂದು ಮನೆಯ ಓದು, ಖರೀದಿ, ಆಸಕ್ತಿಗಳನ್ನೆಲ್ಲ ವರ್ಷಗಟ್ಟಲೆ ಜೋಡಿಸುತ್ತಾ ಹೋಗಬಹುದು. ಬದಲಾಗುವ ವಿಳಾಸ, ತಾನು ಉದ್ದೇಶಿಸದೆಯೇ, ನಮಗೊಂದು ತೆಳುವಾದ ಪರದೆಯನ್ನೂ ಕೊಟ್ಟಿತು. ಆ ಪರದೆಯ ಬೆಲೆ ಏನೆಂಬುದನ್ನು 2016ರಲ್ಲಿ ಯುರೋಪಿನ ನ್ಯಾಯಾಲಯ ಗುರುತಿಸಿತು. ಗ್ರಾಹಕನನ್ನು ಕಾನೂನಿನ ದಾರಿಯಿಂದ ಪತ್ತೆಹಚ್ಚಲು ಸಾಧ್ಯವಿದ್ದರೆ ಡೈನಮಿಕ್ ವಿಳಾಸವೂ ಖಾಸಗಿ ಮಾಹಿತಿಯೇ ಎಂದು ಅದು ತೀರ್ಪಿತ್ತಿತು.

1995ರಲ್ಲಿಯೇ ನಿಯಮಾವಳಿ ಪಡೆದ ಐಪಿ ಆರನೇ ಆವೃತ್ತಿಯಲ್ಲಿ ವಿಳಾಸದ ಉದ್ದ 128 ಬಿಟ್. ಅದರಲ್ಲಿ ಕೊರತೆಯ ಮಾತೇ ಇಲ್ಲ. 2016ರ ನಂತರ ಮೊಬೈಲ್ ಜಾಲಗಳ ಮೂಲಕ ಭಾರತ ಇದರ ಬಳಕೆಯಲ್ಲಿ ಮುಂಚೂಣಿಗೆ ಬಂತು. ವಿಶೇಷವೆಂದರೆ, ವಿಳಾಸ ಹೇರಳವಾದ ಈ ಪದ್ಧತಿಯಲ್ಲೂ ಯಂತ್ರವು ಹಿಂಬಾಲಿಸುವವರಿಂದ ತಪ್ಪಿಸಿಕೊಳ್ಳಲು ತನ್ನ ವಿಳಾಸದ ಕೊನೆಯ ಭಾಗವನ್ನು ತಾನೇ ಬದಲಾಯಿಸಿಕೊಳ್ಳುವ ವ್ಯವಸ್ಥೆಯನ್ನು 2001ರಲ್ಲಿ ಸೇರಿಸಲಾಯಿತು. ಅಂದರೆ ಸ್ಥಿರವೋ ಚಲವೋ ಎಂಬುದು ಇನ್ನು ಮುಂದೆ ಕೊರತೆ ತೀರ್ಮಾನಿಸಬೇಕಾದ ವಿಷಯವಲ್ಲ. ಆ ಆಯ್ಕೆ ಗ್ರಾಹಕನ ಕೈಯಲ್ಲಿರಬೇಕು.

ಯಾವ ವಿಳಾಸವಾದರೂ ಅದು ಒಂದು ಸಂಪರ್ಕದ ಗುರುತೇ ಹೊರತು ಮನುಷ್ಯನ ಗುರುತಲ್ಲ. ಮನೆಯ ಬಾಗಿಲಲ್ಲಿ ಹೆಜ್ಜೆಗುರುತು ಸಿಕ್ಕಿತೆಂದು ಮನೆಯವರನ್ನೆಲ್ಲ ಕಳ್ಳರೆನ್ನುವ ನ್ಯಾಯ ನಮ್ಮ ಹಳ್ಳಿಯ ಪಂಚಾಯಿತಿಯಲ್ಲೂ ನಡೆಯುತ್ತಿರಲಿಲ್ಲ. ದಫ್ತರ ಇಟ್ಟುಕೊಂಡವರು ಅದನ್ನು ಸರಿಯಾಗಿ ಇಡಲಿ, ಓದುವವರು ಎರಡು ಸಲ ಓದಲಿ, ಆರೋಪಿಗೂ ಅದನ್ನು ನೋಡುವ ಹಕ್ಕಿರಲಿ. ಬೆಂಗಳೂರಿನ ಆ ಯುವಕನ 50 ದಿನಗಳನ್ನು ಯಾರೂ ಮರಳಿ ಕೊಡಲಾರರು. ಅಂಥ 51ನೇ ದಿನ ಇನ್ನೊಬ್ಬರ ಬಾಳಿನಲ್ಲಿ ಬಾರದಂತೆ ನೋಡಿಕೊಳ್ಳುವುದು ಮಾತ್ರ ಸಾಧ್ಯವಿದೆ.